ಬಾಗಿಲ ಮೊಳೆಯ ನೀಲಿ ಅಂಗಿ

ಪೀಣ್ಯದಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ ಬದುಕಿದ್ದ ಗಂಡಸೊಬ್ಬನಿಗಾಗಿ ಅತ್ತದ್ದು. ಹಿಂದಿನ ದಿನ ಸಂಜೆ ಬಸ್ಸಿಳಿದು, ಟ್ರಂಕು ಹೊತ್ತು ಕಮಲಕ್ಕನ ಮನೆ ಸೇರಿದ್ದೆ. ದಣಿದು ಮಲಗಿದವಳು ಹೊತ್ತೇರಿದ ಮೇಲೆ ಎದ್ದು ಹೊರಗೆ ಬಂದರೆ ಇಡೀ ವಠಾರ ಬಾಯಿಗೆ ಬೀಗ ಹಾಕಿಕೊಂಡಿತ್ತು. ಸೊಪ್ಪಿನವನು ಕೂಗದೆ ಗಾಡಿ ತಳ್ಳುತ್ತಿದ್ದ. ಎಷ್ಟು ಕಟ್ಟು ಬೇಕೆಂದು ಹೆಂಗಸರು ಬೆರಳಲ್ಲೇ ತೋರಿಸುತ್ತಿದ್ದರು. ಕೈಪಂಪಿನ ಹಿಡಿಗೆ ಯಾರೋ ಹಳೇ ಸೀರೆಯ ಚೂರು ಸುತ್ತಿದ್ದರು. ಚೆಂಡು ಪುಟಿಸಿದ ಮಗುವಿನ ಬೆನ್ನಿಗೆ ಮೆತ್ತಗೆ ಒಂದು ಗುದ್ದು ಬಿತ್ತು, ಅದು ಅತ್ತದ್ದೂ ಮೆತ್ತಗೇ. ಎದುರು ಮನೆಯ ಬಾಗಿಲ ಪಕ್ಕದ ಮೊಳೆಗೆ ನೀಲಿ ಅಂಗಿಯೊಂದು ತೂಗುತ್ತಿತ್ತು. ಕಿಟಕಿಗೆ ಗೋಣಿ ಕಟ್ಟಿತ್ತು.

ಗುಳೇದಗುಡ್ಡದ ನನ್ನ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮ ಓಣಿಗಳಲ್ಲಿ ಮನೆಮನೆಗೂ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ರವಿಕೆಯ ಖಣ ನೇಯುವವರ ಖಟಕ್ ಖಟಕ್ ಬೆಳಗಿನಿಂದ ದೀಪ ಹಚ್ಚುವ ತನಕ ನಿಲ್ಲುವುದಿಲ್ಲ. ಹಗಲು ಹೊತ್ತಿನಲ್ಲಿ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಸುಮ್ಮನಾದವು ಅಂದರೆ ಯಾರೋ ತೀರಿಕೊಂಡರು ಅಂತಲೇ. ಅದೇ ಲೆಕ್ಕ ಹಿಡಿದು ನಾನು ತಲೆಯ ಮೇಲೆ ಸೆರಗು ಹೊದ್ದು, ಎದುರು ಮನೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಹೆಂಗಸಿನ ಪಕ್ಕ ಹೋಗಿ ಕೂತೆ. ಪರಸ್ಥಳ, ಗುರುತಿಲ್ಲದ ಜನ, ನಮ್ಮಿಂದ ಒಂದು ಕುಂದು ಬೇಡ ಅಂತ ಎರಡು ಹನಿ ಕಣ್ಣೀರನ್ನೂ ಹಾಕಿ, "ಭಾಳ ವಯಸ್ಸಾಗಿತ್ತೇನ್ರಿ?" ಅಂದೆ.

ಆಕೆ ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನು ನೋಡಿದಳು. ಅಷ್ಟರಲ್ಲಿ ವಠಾರದ ಯಜಮಾನಿ ಪುಟ್ಟಗೌರಮ್ಮ ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು. "ಯಾರೂ ಸತ್ತಿಲ್ಲ ಕಣವ್ವ. ಇವಳ ಗಂಡ ಒಳಗೆ ಮಲ್ಗವ್ನೆ. ಥರ್ಡ್ ಶಿಫ್ಟು" ಅಂತ ಪಿಸುಗುಟ್ಟಿದಳು. ಆ ಎದುರು ಮನೆಯ ಹೆಂಗಸು ರತ್ನಮ್ಮ. ಇರುವ ಗಂಡನಿಗೆ ಅತ್ತುಬಿಟ್ಟೆನೆಂದು ಆಕೆ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ, ಅದರಲ್ಲಿ ಆಕೆಯ ತಪ್ಪೇನೂ ಇರಲಿಲ್ಲ.

ಅಕ್ಕ ಆಮೇಲೆ ಬಿಡಿಸಿ ಹೇಳಿದಳು. ಇಲ್ಲಿಯ ಕಾರ್ಖಾನೆಗಳು ನಿಲ್ಲುವುದೇ ಇಲ್ಲ. ದಿನವನ್ನು ಮೂರು ಪಾಳಿ ಮಾಡಿದ್ದಾರೆ, ಪಾಳಿಗೆ ಇಲ್ಲಿ ಶಿಫ್ಟ್ ಅನ್ನುತ್ತಾರೆ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ: ಈ ವಾರ ಮುಂಜಾನೆ ಹೋದವನು ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ರಾತ್ರಿ. ರಾತ್ರಿಯದೇ ಥರ್ಡ್ ಶಿಫ್ಟ್. ಹಿಂದೊಮ್ಮೆ ರತ್ನಮ್ಮನ ಗಂಡ ಥರ್ಡ್ ಶಿಫ್ಟ್ ಇದ್ದ ವಾರ ವಠಾರದಲ್ಲಿ ಮದುವೆಯ ಮೈಕು ಕೂಗುತ್ತಿತ್ತಂತೆ. ಹಗಲು ನಿದ್ದೆ ಕೆಟ್ಟು ಹೋದವನು ತಗಡು ಒತ್ತುವ ಪ್ರೆಸ್ಸಿಗೆ ಬಲಗೈಯ ಬೆರಳು ಕೊಟ್ಟು ಬಂದ. ಅವತ್ತಿನಿಂದ ಪ್ರತಿ ಬಾಗಿಲ ಪಕ್ಕ ಒಂದು ಮೊಳೆ. ಥರ್ಡ್ ಶಿಫ್ಟಿನವನು ಮಲಗುವ ಮುಂಚೆ ತನ್ನ ಕಾರ್ಖಾನೆಯ ಅಂಗಿಯನ್ನು ಆ ಮೊಳೆಗೆ ಹಾಕಬೇಕು. ಅಂಗಿ ಕಂಡಮೇಲೆ ಯಾರೂ ಕದ ತಟ್ಟುವಂತಿಲ್ಲ, ಕೂಗುವಂತಿಲ್ಲ, ಕುಕ್ಕರ್ ಸೀಟಿ ಹೊಡೆಸುವಂತಿಲ್ಲ. ಸ್ವಂತ ಹೆಂಡತಿ ಮಕ್ಕಳೂ ಹೊರಗೇ ಇರಬೇಕು.

ಎಂಬತ್ತರ ಆಚೀಚಿನ ಕಾಲ ಅದು. ನನಗೆ ಬೆಂಗಳೂರಿನಲ್ಲಿ ಗಣಿತದ ಎಂ.ಎಸ್‌ಸಿ. ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿನಲ್ಲಿ ಜಾಗ ಸಿಗಲಿಲ್ಲ. ಅಕ್ಕನ ಗಂಡ ಪೀಣ್ಯದಲ್ಲಿ ಲೇತ್ ಓಡಿಸುತ್ತಿದ್ದ. ಇಲ್ಲಿಯವರು ಭಾವ ಅನ್ನುವ ಸಂಬಂಧಕ್ಕೆ ನಾವು ಮಾಮಾ ಅನ್ನುತ್ತೇವೆ. ನೇಕಾರನ ಮಗಳು ಅಷ್ಟು ದೂರ ಓದಲು ಹೋಗುವುದು ನಮ್ಮ ಓಣಿಗೇ ಹೊಸದು. ಅಪ್ಪ ಲಾಳಿ ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟಿದ್ದ: "ಒಂದ್ ವರ್ಸ ನೋಡೂಣು. ಪಾಸಾದಿ ಅಂದ್ರ ಓದು. ಇಲ್ಲಾಂದ್ರ ಸುಮ್ನ ಮನಿಗಿ ಬಾ. ಮಗ್ಗ ಐತಿ, ಗಂಡೂ ಐತಿ." ಮಗ್ಗದ ಬಗ್ಗೆ ನನ್ನ ತಕರಾರಿರಲಿಲ್ಲ. ಆ ಗಂಡನ್ನು ನಾನು ನೋಡಿದ್ದೆ, ತಕರಾರೆಲ್ಲ ಅವನ ಬಗ್ಗೆ.

ಹೊಸ ಊರನ್ನು ಕಲಿಯುವುದು ನಾಲಗೆಯಿಂದ ಶುರುವಾಯಿತು. ನಮ್ಮಲ್ಲಿ ರೊಟ್ಟಿಯನ್ನು ಕಟಮ್ ಕುಟುಮ್ ಅಂತ ಅಗಿದು ತಿನ್ನುತ್ತೇವೆ. ಇಲ್ಲಿ ರಾಗಿಮುದ್ದೆ, ಅದನ್ನು ಹಲ್ಲಿಗೆ ತಾಗಿಸಬಾರದು. "ಅಗೀಬ್ಯಾಡ, ನುಂಗು" ಅಂತ ಪುಟ್ಟಗೌರಮ್ಮ ಎದುರು ಕೂತು ಕಲಿಸಿದಳು. ಮೊದಲ ತುತ್ತು ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲಾಯಿತು, ಆಕೆ ಹೊಟ್ಟೆ ಹಿಡಿದು ನಕ್ಕಳು. ಸೊಪ್ಪು, ಕಾಳು ಬಸಿದ ನೀರಿನಿಂದ ಮಾಡುವ ಬಸ್ಸಾರಿನ ಜೊತೆ ಅದು ಇಳಿಯತೊಡಗಿದ ದಿನ ನಾನು ಅರ್ಧ ಪೀಣ್ಯದವಳಾದೆ. ಉಳಿದರ್ಧಕ್ಕೆ ಮಾತು ಅಡ್ಡಿ. ನಾನು "ಹೌದ್ರಿ" ಅಂದರೆ ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಕಂಡಕ್ಟರ್ ಒಬ್ಬ "ಯಾವೂರಮ್ಮ ನಿಂದು, ಮಾತು ಸಕ್ಕತ್ತಾಗೈತೆ" ಅಂದ. ಹೊಗಳಿದನೋ ಆಡಿಕೊಂಡನೋ ಇವತ್ತಿಗೂ ಗೊತ್ತಿಲ್ಲ.

ಪುಟ್ಟಗೌರಮ್ಮ ಬಾಡಿಗೆ ವಸೂಲಿ ಮಾಡುವ ಯಜಮಾನಿಯಾದರೂ ಮೂಲದಲ್ಲಿ ಹೊಲದ ಹೆಂಗಸು. ಈಗ ಶೆಡ್ಡುಗಳೆದ್ದಿರುವ ಕಡೆ ಅವರ ರಾಗಿ ಹೊಲ ಇತ್ತು. ಜಮೀನು ಕಾರ್ಖಾನೆಗಳಿಗೆ ಹೋದ ಮೇಲೆ ಬಂದದ್ದರಲ್ಲಿ ಈ ಸಾಲುಮನೆ ಕಟ್ಟಿಸಿ, ಹಿಂಭಾಗದ ಹಳೇ ಮನೆಯಲ್ಲಿ ಒಬ್ಬಳೇ ಇದ್ದಳು. ಬಾಯಿ ಜೋರು, ಅಧಿಕಾರವೂ ಜೋರು. ತನಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂದು ಆಕೆಯ ನಂಬಿಕೆ. ಗಣಿತ ಓದಿದರೆ ಮೈಯಲ್ಲಿ ಉಷ್ಣ ಏರುತ್ತದೆ ಅಂತ ನನ್ನ ನೆತ್ತಿಗೆ ಹರಳೆಣ್ಣೆ ಬಡಿದು ಕ್ಲಾಸಿಗೆ ಕಳಿಸಿದ್ದಳು.

ಈಗ ನಿದ್ದೆಯ ಮಾತಿಗೆ ಬರುತ್ತೇನೆ. ಊರಲ್ಲಿ ನನಗೆ ನಿದ್ದೆಯೆಂಬುದು ಯೋಚಿಸುವ ವಿಷಯವೇ ಆಗಿರಲಿಲ್ಲ. ಮಗ್ಗ ನಿಂತಿತು, ಉಂಡೆವು, ಮಾಳಿಗೆಯ ಮೇಲೆ ಸಾಲಾಗಿ ಉರುಳಿಕೊಂಡೆವು. ಇಡೀ ಓಣಿಗೆ ಒಂದೇ ಹೊತ್ತು. ಇಲ್ಲಿ ಅಕ್ಕನದು ಎರಡೇ ಕೋಣೆ, ಅಡುಗೆಮನೆಯಲ್ಲೇ ನನ್ನ ಹಾಸಿಗೆ. ಮಾಮಾನಿಗೆ ಮೊದಲ ಶಿಫ್ಟ್ ಇದ್ದ ವಾರ ಕೋಳಿ ಕೂಗುವ ಮುಂಚೆ ಸೀಮೆಎಣ್ಣೆ ಸ್ಟೌ ನನ್ನ ತಲೆಯ ಹತ್ತಿರವೇ ಬುಸುಗುಟ್ಟುತ್ತಿತ್ತು. ಎರಡನೆಯ ಶಿಫ್ಟಿನ ವಾರ ಅವನು ಬಂದು ಉಂಡು ಕೈ ತೊಳೆಯುವ ತನಕ ಹಾಸಿಗೆ ಬಿಚ್ಚುವಂತಿರಲಿಲ್ಲ. ಥರ್ಡ್ ಶಿಫ್ಟಿನ ವಾರ ರಾತ್ರಿ ನೆಮ್ಮದಿ ಅಂದುಕೊಂಡರೆ, ಹಿಂದಿನ ಎರಡು ವಾರಗಳಲ್ಲಿ ಕೆಟ್ಟ ನಿದ್ದೆ ಕರೆದರೂ ಬರುತ್ತಿರಲಿಲ್ಲ. ಮಾಮಾನ ಶಿಫ್ಟಿನ ಜೊತೆ ನಾನೂ ತಿರುಗುತ್ತಿದ್ದೆ. ಅವನಿಗಾದರೂ ಮಲಗಲು ಮೊಳೆಯ ಮೇಲಿನ ಅಂಗಿ ಇತ್ತು.

ಇದರ ಮೇಲೆ ಕ್ಲಾಸಿನವರ ಜಂಬ ಬೇರೆ. ಯಾರು ಎಷ್ಟು ಕಡಿಮೆ ಮಲಗಿದರು ಎಂಬುದೇ ನಮ್ಮಲ್ಲಿ ದೊಡ್ಡಸ್ತಿಕೆ. "ರಾತ್ರಿಯೆಲ್ಲ ನೈಟ್‌ಔಟ್ ಮಾಡಿದ್ವಿ ಕಣೇ" ಅಂತ ಕೆಂಪು ಕಣ್ಣು ಬಿಟ್ಟುಕೊಂಡು ಹೇಳುತ್ತಿದ್ದರು. ನೈಟ್‌ಔಟ್ ಅಂದರೆ ಚಹಾ ಕುಡಿಯುತ್ತ ಬೆಳತನಕ ಓದುವುದು. ನಿದ್ದೆ ಮಾಡುವವರು ದಡ್ಡರು ಅಂತ ನಾನೂ ನಂಬಿದೆ. ಸಿಕ್ಕುತ್ತಿದ್ದ ಚೂರುಪಾರು ನಿದ್ದೆಯನ್ನೂ ಚಹಾ ಕುಡಿದು ಓಡಿಸಿದೆ.

ದಸರಾ ಕಳೆಯುವಷ್ಟರಲ್ಲಿ ನಾನು ನಾನಾಗಿ ಉಳಿದಿರಲಿಲ್ಲ. ಓದಿದ ಪುಟವನ್ನೇ ಓದುತ್ತಿದ್ದೆ, ಏನೂ ನಿಲ್ಲುತ್ತಿರಲಿಲ್ಲ. ಬೇರೆ ಬಸ್ಸು ಹತ್ತಿ ಎಲ್ಲೋ ಇಳಿಯುತ್ತಿದ್ದೆ. ಕಾರಣವಿಲ್ಲದೆ ಎದೆ ಡವಡವ ಅನ್ನುತ್ತಿತ್ತು. ಒಂದು ದಿನ ಮೇಷ್ಟ್ರು ಬೋರ್ಡಿಗೆ ಕರೆದು ಸುಲಭದ ಲೆಕ್ಕವೊಂದನ್ನು ಕೊಟ್ಟರು. ಊರಲ್ಲಿ ಖಣದ ಅಂಚಿನ ಎಳೆ ಎಣಿಸುತ್ತ ಬಾಯಲ್ಲೇ ಬಿಡಿಸಬಹುದಾಗಿದ್ದ ಲೆಕ್ಕ. ಚಾಕ್ ಹಿಡಿದು ನಿಂತೆ, ಮುಂದೆ ಏನು ಬರೆಯಬೇಕೋ ತಿಳಿಯಲಿಲ್ಲ, ಎಲ್ಲರ ಮುಂದೆ ಅಳು ಬಂತು. ನನಗೆ ತಲೆ ಕೆಡುತ್ತಿದೆ ಅಂತ ಅವತ್ತು ಖಾತ್ರಿಯಾಯಿತು. ಅದನ್ನು ಯಾರಿಗೆ ಹೇಳುವುದು? ನಮ್ಮ ಕಡೆ ಅಂಥ ಮಾತು ಹೊರಗೆ ಬಿದ್ದರೆ ಮನೆತನಕ್ಕೇ ಅಂಟಿಕೊಳ್ಳುತ್ತದೆ. ಅಕ್ಕನಿಗೆ "ನನಗ ಆಗೂದಿಲ್ಲ, ಊರಿಗಿ ಹೋಗ್ತೀನಿ" ಅಂದೆ ಅಷ್ಟೆ. ಅಕ್ಕ ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ, ದೃಷ್ಟಿ ಗಟ್ಟಿಯಾಗಿದೆ ಅಂತ ಅವಳಿಗೆ ಇನ್ನಷ್ಟು ಹೆದರಿಕೆ.

ಮರುದಿನ ಕ್ಲಾಸಿಗೆ ಹೋಗುತ್ತೇನೆಂದು ಅಕ್ಕನಿಗೆ ಹೇಳಿ, ಹೋಗದೆ ಮನೆಯಲ್ಲೇ ಉಳಿದೆ. ಅಕ್ಕ ಮಕ್ಕಳನ್ನು ಕರೆದುಕೊಂಡು ಯಶವಂತಪುರದ ಸಂತೆಗೆ ಹೋಗಿದ್ದಳು. ಮಾಮಾನದು ಮೊದಲ ಶಿಫ್ಟ್. ಕಣ್ಣು ಎಳೆಯುತ್ತಿತ್ತು, ಮಲಗಿದರೆ ಹೊರಗೆ ಪಾತ್ರೆಯ ಸದ್ದು, ಸೊಪ್ಪಿನವನ ಕೂಗು. ಗೂಟದಲ್ಲಿ ಮಾಮಾನ ಇನ್ನೊಂದು ಅಂಗಿ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಬಾಗಿಲ ಮೊಳೆಗೆ ಹಾಕಿ, ಚಿಲಕ ಹಾಕಿ ಬಿದ್ದುಕೊಂಡೆ. ಒಂದೆರಡು ಗಳಿಗೆಯಲ್ಲಿ ವಠಾರ ತಣ್ಣಗಾಯಿತು. ಅಂಥ ನಿದ್ದೆಯನ್ನು ನಾನು ಹುಟ್ಟಿದ ಮೇಲೆ ಮಾಡಿರಲಿಲ್ಲ.

ಮುಂದಿನದು ನನಗೆ ಕೇಳಿ ಗೊತ್ತು. ಮಧ್ಯಾಹ್ನ ಮಾಮಾ ಶಿಫ್ಟ್ ಮುಗಿಸಿ ಬಂದ. ಬಾಗಿಲಲ್ಲಿ ತನ್ನದೇ ಅಂಗಿ ತೂಗುತ್ತಿದೆ. ಕದ ತಟ್ಟಲು ಕೈ ಎತ್ತಿದ್ದಕ್ಕೆ ನಾಲ್ಕು ಮನೆಯಿಂದ ಶ್ ಅಂದರು. "ತಟ್ಬೇಡಿ, ಒಳಗೆ ಥರ್ಡ್ ಶಿಫ್ಟ್‌ನೋರು ಮಲಗಿದಾರೆ" ಅಂತ ರತ್ನಮ್ಮ ತಡೆದಳು. "ನಾನೇ ಇಲ್ಲಿ ಅದೀನಲ್ರಿ" ಅಂದನಂತೆ ಮಾಮಾ. "ನಿಮ್ಮ ಕಡೆಯೋರು ಯಾರೋ ಬಂದಿರ್ಬೇಕು, ಪಾಪ, ರಾತ್ರಿ ದುಡಿದವ್ರು" ಅಂತ ಆಕೆ. ಊರಿನಿಂದ ಕೆಲಸ ಹುಡುಕಿಕೊಂಡು ಬರುವ ನೆಂಟರಿಗೇನು ಬರವೇ, ಮಾಮಾನಿಗೂ ನಿಜವೆನ್ನಿಸಿತು. ಎಣ್ಣೆ ಬಟ್ಟೆಯಲ್ಲೇ, ಹಸಿದ ಹೊಟ್ಟೆಯಲ್ಲಿ, ತನ್ನ ಮನೆಯ ಮುಂದಿನ ಒಗೆಯುವ ಕಲ್ಲಿನ ಮೇಲೆ ಸಂಜೆಯ ತನಕ ಕೂತ. ಕೆಮ್ಮು ಬಂದಾಗ ಎದ್ದು ರಸ್ತೆಗೆ ಹೋಗಿ ಕೆಮ್ಮಿ ಬಂದನಂತೆ. ಸಂತೆಯಿಂದ ಬಂದ ಅಕ್ಕನೂ ಚೀಲ ಇಳಿಸಿ ಅವನ ಪಕ್ಕ ಕೂತಳು.

ಹೊತ್ತಿಳಿಯುವಾಗ ಚಿಲಕ ತೆಗೆದು ಹೊರಗೆ ಬಂದೆ. ಕೂದಲು ಕೆದರಿದೆ, ಕೆನ್ನೆಯ ಮೇಲೆ ಚಾಪೆಯ ಗೆರೆ. ಇಡೀ ವಠಾರ ನನ್ನನ್ನೇ ನೋಡುತ್ತಿತ್ತು.

ಕೈಪಂಪಿನ ಹತ್ತಿರ ನ್ಯಾಯ ಕೂಡಿತು. ಮಾಮಾ ಪಾಪ, "ಇರ್ಲಿ ಬಿಡ್ರಿ, ಹುಡುಗಿ" ಅಂದ. ರತ್ನಮ್ಮ ಬಿಡಲಿಲ್ಲ. "ನಮ್ಮನೆಯವ್ರ ಬೆರಳು ಹೋದ್ಮೇಲೆ ಹೊಡೆದ ಮೊಳೆ ಅದು. ಬೆರಳು ಉಳಿಸೋ ಅಂಗಿ. ಇವತ್ತು ಇವಳು ಹಾಕ್ಕೊಂಡ್ಳು, ನಾಳೆ ಸೋಂಬೇರಿಗಳೆಲ್ಲ ಹಾಕ್ಕೋತಾರೆ. ಆಮೇಲೆ ಅಂಗಿಗೆ ಯಾರು ಬೆಲೆ ಕೊಡ್ತಾರೆ? ನಿದ್ದೆಗೆಟ್ರೆ ಇವಳದ್ದೇನು ಹೋಗತ್ತೆ, ಹೇಳಿ" ಅಂದಳು.

ಆಕೆಯ ಮಾತು ನ್ಯಾಯವೇ. ಆದರೂ ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನನ್ನ ಬಾಯಿಂದ ಊರಿನ ಮಾತೇ ಬರುವುದು. "ತಲಿ ಹೋಗಾಕತ್ತೈತ್ರಿ" ಅಂದೆ. "ನಿಮ್ಮವರ ಬೆರಳು ಹೋದದ್ದು ಎಲ್ಲಾರಿಗೂ ಕಂಡಿತು. ನನ್ನ ತಲಿ ಹೋಗೂದು ಯಾರಿಗೂ ಕಾಣವಲ್ದು." ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲ ಹೊರಗೆ ಬಂತು. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಲೆಕ್ಕ ಬರುತ್ತಿಲ್ಲ, ಬೋರ್ಡಿನ ಮುಂದೆ ಅತ್ತೆ, ಹುಚ್ಚು ಹಿಡಿಯುತ್ತದೆ ಅಂತ ಹೆದರಿಕೆ, ಊರಿಗೆ ಹೋದರೆ ಓದು ಮುಗಿಯಿತು. ಅಕ್ಕ ನನ್ನ ಬಾಯಿ ಮುಚ್ಚಿಸಲು ಬಂದಳು. ನಾನು ಮುಚ್ಚಲಿಲ್ಲ. ಅವತ್ತು ಆ ಅಂಗಿ ಹಾಕಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ರತ್ನಮ್ಮ ಮೆಲ್ಲಗೆ ಕೇಳಿದಳು, "ಊಟ ಸೇರತ್ತಾ?" ಇಲ್ಲ ಅಂದೆ. "ಗೋಡೆ ನೋಡ್ತಾ ಕೂತ್ಬಿಡ್ತೀಯಾ?" ಹೌದು ಅಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮನೆಯವ್ರೂ ಹಿಂಗೇ ಇದ್ರು, ಬೆರಳು ಹೋದ್ಮೇಲೆ. ಗಾಯ ಬೇಗ ಮಾಯ್ತು. ನಿದ್ದೆ ಬಂದ್ಮೇಲೇನೇ ಅವರು ಮನುಷ್ಯರಾಗಿದ್ದು." ಮನೆಯೊಳಗೆ ಹೋಗಿ ಗಂಡನ ಹಳೇ ನೀಲಿ ಅಂಗಿಯೊಂದನ್ನು ತಂದು ನನ್ನ ಕೈಗಿಟ್ಟಳು. "ಕದ್ದು ಹಾಕ್ಬೇಡ. ಇದು ನಿಂದೇ, ಹಾಕ್ಕೊ."

ತೀರ್ಪು ಕೊಡುವುದು ಪುಟ್ಟಗೌರಮ್ಮನ ಹಕ್ಕು, ಅದನ್ನು ಆಕೆ ಬಿಡುವವಳಲ್ಲ. "ಇಂಗೆ ವಾರವಾರ ತಿರುಗುದ್ರೆ ಎತ್ತೂ ಸಾಯ್ತದೆ" ಅಂದಳು. "ನಮ್ಮನೇಲಿ ರಾಗಿ ತುಂಬ್ತಿದ್ದ ಕೋಣೆ ಖಾಲಿ ಬಿದ್ದೈತೆ. ಅಲ್ಲೇ ಮಲಕ್ಕಳ್ಲಿ. ಗಂಡಸ್ರ ಶಿಫ್ಟು ಬದ್ಲಾದ್ರೂ ಇವಳ್ದು ಬದ್ಲಾಗಂಗಿಲ್ಲ. ರಾತ್ರಿ ಸೈರನ್ ಕೂಗ್ತಿದ್ದಂಗೆ ದೀಪ ಆರುಸ್ಬೇಕು, ಬೆಳಗಿನ ಸೈರನ್ಗೆ ಏಳ್ಬೇಕು. ಸಂಜೆ ಮೇಲೆ ಟೀ ಕೊಟ್ಟೋರ ಮನೆ ಬಾಡಿಗೆ ಏರುಸ್ತೀನಿ."

ಹೀಗೆ ನನಗೂ ಒಂದು ಶಿಫ್ಟ್ ಸಿಕ್ಕಿತು. ರಾತ್ರಿಯ ಸೈರನ್ನಿಗೆ ಗಂಡಸರು ಬುತ್ತಿ ಹಿಡಿದು ಕಾರ್ಖಾನೆಗೆ ಹೊರಟರೆ ನಾನು ದೀಪ ಆರಿಸುತ್ತಿದ್ದೆ. ಮೊದಮೊದಲು ನಿದ್ದೆ ಬರಲಿಲ್ಲ, ಪರೀಕ್ಷೆಯ ಭಯದಲ್ಲಿ ಕದ್ದು ದೀಪ ಹಚ್ಚಿದರೆ ಪಕ್ಕದ ಕೋಣೆಯಿಂದ "ಆರ್ಸವ್ವ" ಅನ್ನುವ ಧ್ವನಿ ತಪ್ಪದೆ ಬರುತ್ತಿತ್ತು. ಹಳೇ ರಾಗಿಯ ವಾಸನೆ, ತಣ್ಣನೆಯ ಮಣ್ಣಿನ ಗೋಡೆ. ದಿನಾ ಅದೇ ಹೊತ್ತಿಗೆ ಮಲಗಿ ಅದೇ ಹೊತ್ತಿಗೆ ಏಳುವುದನ್ನು ಮೈ ನಿಧಾನಕ್ಕೆ ನಂಬಿತು. ಮೊದಲು ಹೋದದ್ದು ಎದೆಯ ಡವಡವ. ಆಮೇಲೆ ಹಸಿವು ಬಂತು, ಎರಡು ಮುದ್ದೆ ನುಂಗಿದೆ. ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಬಿಡದೆ ಕಾಡಿದ್ದ ಲೆಕ್ಕವೊಂದು ತಾನಾಗಿ ಬಿಡಿಸಿಕೊಂಡಿತು. ನಾನು ಒಬ್ಬಳೇ ನಕ್ಕೆ. ತಲೆ ಎಲ್ಲಿಗೂ ಹೋಗಿರಲಿಲ್ಲ, ದಣಿದಿತ್ತು ಅಷ್ಟೆ. ಆ ನಿರಾಳವನ್ನು ಹೇಗೆ ಹೇಳಲಿ, ಕಳೆದೇಹೋದೆ ಅಂದುಕೊಂಡಿದ್ದ ನಾನು ನನಗೆ ವಾಪಸ್ ಸಿಕ್ಕಿದ್ದೆ.

ಒಂದು ಸಂಗತಿ ಪುಟ್ಟಗೌರಮ್ಮ ಬಹಳ ದಿನಗಳ ಮೇಲೆ ಸೊಪ್ಪು ಬಿಡಿಸುತ್ತ ಹೇಳಿದಳು. "ಒಲ ಕೈಬಿಟ್ಟೋದ್ಮೇಲೆ ನಂಗೂ ನಿದ್ದೆ ಇರ್ಲಿಲ್ಲ ಕಣವ್ವ. ಮೈ ದಣೀದೆ ಎಂಗ್ ಬಂದಾತು? ಒಬ್ಳೇ ಬಿದ್ಕೊಂಡು ಸೈರನ್ ಎಣುಸ್ತಿದ್ದೆ. ಈಗ ನೀನು ಆ ಕಡೆ ಗೊರಕೆ ಒಡೀತೀಯಲ್ಲ, ನಂಗೂ ನಿದ್ದೆ ಅತ್ತುತ್ತೆ." ನಾನು ಗೊರಕೆ ಹೊಡೆಯುವುದಿಲ್ಲ ಅಂತ ವಾದಿಸಿದೆ. ಆಕೆ ಒಪ್ಪಲಿಲ್ಲ.

ಪರೀಕ್ಷೆಯ ಹೊತ್ತಿಗೆ ಕ್ಲಾಸಿನ ನೈಟ್‌ಔಟ್‌ ಗುಂಪಿನಲ್ಲಿ ಇಬ್ಬರು ಹುಡುಗಿಯರು ನನ್ನ ಹಾಗೆಯೇ ಬೋರ್ಡಿನ ಮುಂದೆ ನಿಂತುಬಿಟ್ಟಿದ್ದರು. ಅವರನ್ನು ಕೂರಿಸಿಕೊಂಡು ಅಂಗಿಯ ಕಥೆ ಹೇಳಿದೆ. ನಕ್ಕರು, ಆದರೆ ಹಾಸ್ಟೆಲ್ಲಿನ ಬಾಗಿಲಿಗೆ ಮೊಳೆ ಹೊಡೆದರು. ನೀಲಿ ಅಂಗಿ ಎಲ್ಲಿ ಸಿಗಬೇಕು, ಟವೆಲ್ಲು ಹಾಕಿದರು. ಈಗ ನಾನು ಪಾಠ ಹೇಳುವ ಕಾಲೇಜಿನ ಹಾಸ್ಟೆಲ್ಲಿನಲ್ಲೂ ಆ ಪದ್ಧತಿ ಇದೆ. ನೈಟ್‌ಔಟ್ ಮಾಡಿದೆ ಅಂತ ಜಂಬ ಕೊಚ್ಚಿದವರನ್ನು ನಾನು ಬೈಯುತ್ತೇನೆ, ಪುಟ್ಟಗೌರಮ್ಮನ ಗತ್ತಿನಲ್ಲೇ ಬೈಯುತ್ತೇನೆ.

ಪಾಸಾಗಿ ರಜೆಗೆ ಊರಿಗೆ ಹೋದೆ. ಅಪ್ಪ ಫಲಿತಾಂಶ ಕೇಳಿ "ಆತು" ಅಂದ, ಅಷ್ಟೆ. ಊಟ ಮಾಡುತ್ತ ಅವ್ವನಿಗೆ ಪೀಣ್ಯದ ಕಥೆಯನ್ನೆಲ್ಲ ಹೇಳಿದೆ: ಅಲ್ಲಿ ಒಬ್ಬರು ಮಲಗಿದರೆ ಇಡೀ ವಠಾರ ಹೇಗೆ ಸುಮ್ಮನಾಗುತ್ತದೆ, ನಿದ್ದೆಯಿಲ್ಲದೆ ನಾನು ಹೇಗೆ ಸಾಯುವ ಹಾಗಾಗಿದ್ದೆ. ಅಪ್ಪ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಪ್ರಯಾಣದ ದಣಿವಿಗೆ ನಡುಮನೆಯಲ್ಲಿ ಅಡ್ಡಾದೆ. ಪಕ್ಕದಲ್ಲಿ ಅಪ್ಪನ ಮಗ್ಗ ಖಟಕ್ ಖಟಕ್, ಓಣಿಯ ಎಲ್ಲ ಮಗ್ಗಗಳೂ ಅದರ ಜೊತೆಗೆ. ಚಿಕ್ಕಂದಿನಿಂದ ಕೇಳಿದ ಸದ್ದು, ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ.

ಎಚ್ಚರವಾದದ್ದು ಹೆದರಿಕೆಯಿಂದ. ಹಾಡುಹಗಲು, ಓಣಿಯಲ್ಲಿ ಒಂದೇ ಒಂದು ಮಗ್ಗದ ಸದ್ದಿಲ್ಲ. ಅವ್ವನೋ, ಪಕ್ಕದ ಮನೆಯ ಅಜ್ಜನೋ ಅಂದುಕೊಂಡು ಸೆರಗೂ ಸರಿಮಾಡಿಕೊಳ್ಳದೆ ಮಗ್ಗದ ಕೋಣೆಗೆ ಓಡಿದೆ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಹೊರಗೆ, ಬಾಗಿಲ ಚೌಕಟ್ಟಿನ ಗೂಟಕ್ಕೆ ಅವನ ಬಿಳಿ ಅಂಗಿ ತೂಗುತ್ತಿತ್ತು.

"ಯಾರ್ ಹೋದ್ರು ಅಪ್ಪಾ?"

"ಯಾರೂ ಹೋಗಿಲ್ಲವಾ" ಅಂದ ಅಪ್ಪ, ದನಿ ತಗ್ಗಿಸಿ. "ನೀ ಮಲಗಿದ್ದಿ. ಓಣ್ಯಾಗೆಲ್ಲಾ ಹೇಳಿ ಬಂದೀನಿ."

ಸಾವಿಗಲ್ಲದೆ ನಿಲ್ಲದ ಮಗ್ಗಗಳನ್ನು ನನ್ನ ನಿದ್ದೆಗಾಗಿ ನಿಲ್ಲಿಸಿದ್ದ. ಬೆಂಗಳೂರಿನ ಮಗಳಿಗೆ ಸದ್ದಿದ್ದರೆ ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದ. ಪೀಣ್ಯದಲ್ಲಿ ಆ ಮಾತು ನಿಜ. ಈ ಮನೆಯಲ್ಲಿ ನಾನು ಸದ್ದು ನಿಂತರೆ ಏಳುವವಳು. ನಾನು ಎರಡೂ ಕಡೆಯವಳು, ಎರಡೂ ಕಡೆ ಬೇರೆಬೇರೆ ಥರ ಮಲಗುವವಳು ಅಂತ ಆತನಿಗೆ ಹೇಗೆ ಹೇಳುವುದು? ಹೊರಗೆ ಹೋಗಿ ಗೂಟದ ಅಂಗಿ ತೆಗೆದು ತಂದು ಅವನ ಹೆಗಲಿಗೆ ಹಾಕಿದೆ.

"ನೀ ನೇಯಪಾ" ಅಂದೆ. "ನೇದ್ರನ ನನಗ ನಿದ್ದಿ ಬರೂದು."

ಅಪ್ಪ ನನ್ನ ಮುಖ ನೋಡಿ ಲಾಳಿ ಎತ್ತಿಕೊಂಡ. ನಾನು ಅಲ್ಲೇ, ಕುಣಿಯ ಪಕ್ಕದ ನೆಲದ ಮೇಲೆ ಮಲಗಿದೆ. ಖಟಕ್ ಅಂತು ಮಗ್ಗ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯದು, ಆಮೇಲೆ ಎದುರಿನದು. ಕಣ್ಣು ಹತ್ತುವಾಗ ಅಪ್ಪ ಕೇಳಿದ್ದು ಕೇಳಿಸಿತು, "ನಿಮ್ಮೂರಿಗಿ ಮತ್ತ ಯಾವಾಗ ಹೋಗತಿ?" ಅವನು ಹೇಳಿದ್ದು ಪೀಣ್ಯದ ಬಗ್ಗೆ.